ಬಳಪ, ಕಂಠ, ಲೆಕ್ಕಣಿಕೆ

ವಸ್ತುವು ಮರೆಯಾದ ಮೇಲೂ ಅದರ ಹೆಸರು ಉಳಿದು, ಕೇಳುವವರಿದ್ದರೆ ಹಳೆಯ ಕಥೆಯನ್ನು ಹೇಳುತ್ತಿರುವುದು. ಕಚೇರಿಯ ಗುಮಾಸ್ತನು 'ಕಡತ'ವೆಂದಾಗ ಕಾಗದಗಳ ಕಟ್ಟನ್ನು ನೆನೆಯುವನಲ್ಲದೆ, ಅದು ಒಂದು ಕಾಲದಲ್ಲಿ ಕರಿಯ ಬಟ್ಟೆಯ ಪುಸ್ತಕಕ್ಕೆ ಇದ್ದ ಹೆಸರೆಂಬುದನ್ನು ನೆನೆಯನು. ಹೆಣ್ಣುಮಕ್ಕಳ ಕಿವಿಯ 'ಓಲೆ' ಇಂದು ಚಿನ್ನದ್ದಾದರೂ ಅದರ ಹೆಸರು ತಾಳೆಯ ಗರಿಯದು. ಬಂಧುಗಳಿಗೆ ಬರೆಯುವ 'ಓಲೆ'ಯು ಕಾಗದದ್ದಾದರೂ ಅದರ ಹೆಸರೂ ಆ ಗರಿಯದೇ. ಲೇಖನಿಗೆ ಕನ್ನಡದಲ್ಲಿ ಬಳಕೆಯಲ್ಲಿದ್ದ 'ಲೆಕ್ಕಣಿಕೆ' ಎಂಬುದು ಸಂಸ್ಕೃತಪದದ ತದ್ಭವ. ಅದರ ಮೂಲವಾದ ಲಿಖ್ ಧಾತುವಿಗೆ ಗೀರುವುದು ಎಂದೇ ಮೊದಲ ಅರ್ಥ. ಬರೆವಣಿಗೆಯೆಂಬುದು ಮೊದಲು ಕೈಯ ಕೆಲಸವಾಗಿತ್ತು, ಗೀರುವ, ಕೊರೆಯುವ, ತಿದ್ದುವ ಕೆಲಸವಾಗಿತ್ತು ಎಂಬುದನ್ನು ಈ ಪದಗಳು ಇಂದಿಗೂ ಸಾರುತ್ತಿವೆ.

ಕನ್ನಡನಾಡಿನಲ್ಲಿ ಈ ಕೆಲಸಕ್ಕೆ ಮುಖ್ಯವಾಗಿ ಮೂರು ಸಾಧನಗಳಿದ್ದುವು: ಬಳಪ, ಕಂಠ, ಲೆಕ್ಕಣಿಕೆ. ಒಂದೊಂದಕ್ಕೂ ಒಂದೊಂದು ಸ್ವಭಾವ. ಒಂದೊಂದೂ ಬರೆಯುವವನಿಗೆ ಒಂದೊಂದು ಪಾಠವನ್ನು ಕಲಿಸಿತು.

ಬಳಪವು ಮೃದುವಾದ ಕಲ್ಲಿನ ಕಡ್ಡಿ. ಕೂಲಿಮಠದಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದ ಬಾಲಕನು ಮುಂದೆ ಹಿಡಿಯುತ್ತಿದ್ದುದು ಹಲಗೆಯನ್ನೂ ಬಳಪವನ್ನೂ. ಈ ಕಲ್ಲು ಸಾಮಾನ್ಯವಾದುದಲ್ಲ. ೧೧೧೭ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನ ಗುಡಿಯನ್ನು ಕಟ್ಟಿಸಿದಾಗ ಶಿಲ್ಪಿಗಳು ಆರಿಸಿಕೊಂಡುದು ಬಳಪದ ಕಲ್ಲಿನ ಜಾತಿಯನ್ನೇ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಉಳಿಗೆ ಸುಲಭವಾಗಿ ಒದಗುವ ಆ ಶಿಲೆಯು ಗಾಳಿಬೆಳಕುಗಳಿಗೆ ಮೈಯೊಡ್ಡಿದಂತೆ ಗಡುಸಾಗುವುದು. ಮಗುವು ಬರೆದು ಅಳಿಸುವ ಕಡ್ಡಿಯೂ ಶತಮಾನಗಳು ಕಳೆದರೂ ಅಳಿಯದ ಮದನಿಕೆಯ ವಿಗ್ರಹವೂ ಒಂದೇ ಕುಲದ ಕಲ್ಲಿನವೆಂಬುದು ಕನ್ನಡಿಗರು ನೆನೆದು ಸಂತೋಷಪಡಬೇಕಾದ ಸಂಗತಿ.

ಬಳಪದ ದೊಡ್ಡ ಕ್ಷೇತ್ರವೆಂದರೆ ಕಡತ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬಾತನು ೧೮೧೦ರಲ್ಲಿ ಪ್ರಕಟಿಸಲಾರಂಭಿಸಿದ ದಕ್ಷಿಣ ಹಿಂದೂಸ್ಥಾನದ ಚರಿತ್ರೆಯಲ್ಲಿ ಇದನ್ನು ವಿವರವಾಗಿ ವರ್ಣಿಸಿರುವನು. ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಅಗಲವೂ, ೧೨ರಿಂದ ೧೮ ಅಡಿಗಳವರೆಗೆ ಉದ್ದವೂ ಉಳ್ಳ ಹತ್ತಿಯ ಬಟ್ಟೆಯ ಎರಡು ಮಗ್ಗುಲಿಗೂ ಇದ್ದಲಿನ ಪುಡಿ ಬೆರೆಸಿದ ಸರಿಯನ್ನು ಬಳಿಯುವರು. ಹುಣಸೆಯ ಬೀಜವನ್ನು ಅರೆದು ಈ ಸರಿಯನ್ನು ಮಾಡುತ್ತಿದ್ದರು. ಒಣಗಿದ ಬಟ್ಟೆಯನ್ನು ಕತ್ತರಿಸದೆ ಸಮವಾಗಿ ಮಡಿಕೆ ಹಾಕಿ, ಎರಡು ಕೊನೆಗಳಿಗೂ ಬಣ್ಣದ ಮರದ ಹಲಗೆಗಳನ್ನು ಅಂಟಿಸಿದರೆ ಕಡತವು ಸಿದ್ಧವಾಯಿತು. ಕರಿಯ ನೆಲದ ಮೇಲೆ ಬಿಳಿಯ ಅಕ್ಷರ. ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದು. ಹಾಗೆಂದು ಅದು ಬಾಳದ ವಸ್ತುವೇನೂ ಅಲ್ಲ. ನೀರು ತಾಗದಂತೆ ಕಾಪಾಡಿದರೆ ಅದರ ಬರೆವಣಿಗೆ ಕೆಡದೆಂದು ವಿಲ್ಕ್ಸನೇ ಹೇಳಿರುವನು. ವರ್ತಕರ ಲೆಕ್ಕಪತ್ರಗಳಲ್ಲದೆ ಊರಿನ ಹಕ್ಕುಬಾಧ್ಯತೆಗಳೂ, ಮಠಗಳ ವ್ಯವಹಾರಗಳೂ ಇದರಲ್ಲಿ ದಾಖಲಾಗುತ್ತಿದ್ದುವು. ಶೃಂಗೇರಿಯ ಮಠದಲ್ಲಿ ಇಂತಹ ಕಡತಗಳು ದೊರೆತು ಚರಿತ್ರಕಾರರಿಗೆ ಉಪಕಾರವಾಗಿದೆ.

ಬಳಪವು ತಪ್ಪನ್ನು ಕ್ಷಮಿಸುವುದು, ಕಂಠವು ಕ್ಷಮಿಸದು. ಕಂಠವೆಂದರೆ ಓಲೆಯ ಮೇಲೆ ಅಕ್ಷರ ಕೊರೆಯುವ ಕಬ್ಬಿಣದ ಮೊನೆ. ಏಳನೆಯ ಶತಮಾನದಲ್ಲಿ ಭರತಖಂಡವನ್ನು ಸುತ್ತಿದ ಚೀನಾ ದೇಶದ ಯಾತ್ರಿಕ ಹ್ಯೂಯೆನ್ ತ್ಸಾಂಗನು ಕೊಂಕಣಪುರವೆಂದು ತಾನು ಕರೆದ ಪಟ್ಟಣದ ಬಳಿ ತಾಳೆಯ ವನವೊಂದಿತ್ತೆಂದೂ, ಅದರ ಗರಿಗಳನ್ನು ದೇಶದ ಎಲ್ಲೆಡೆಯಲ್ಲಿಯೂ ಬರೆಯಲು ಬಳಸುತ್ತಿದ್ದರೆಂದೂ ತಿಳಿಸಿರುವನು. ಬರೆಯಲು ಶ್ರೀತಾಳೆಯ ಗರಿ ಬಲು ಮೇಲಾದುದು. ಆ ಮರವು ತನ್ನ ಆಯುಷ್ಯದಲ್ಲಿ ಒಂದೇ ಸಾರಿ ಹೂಬಿಟ್ಟು, ಕಾಯಿ ಹಣ್ಣಾದ ಬಳಿಕ ಸಾಯುವುದು. ಗರಿಯ ನಡುವಣ ಕಡ್ಡಿಯನ್ನು ಸೀಳಿ ತೆಗೆದು, ನೀರಿನಲ್ಲಿ ಕುದಿಸಿ, ಒಣಗಿಸಿ, ನುಣ್ಣನೆಯ ಕಲ್ಲಿನಿಂದಲೋ ಶಂಖದಿಂದಲೋ ಉಜ್ಜಿ, ಒಂದೇ ಅಳತೆಗೆ ಕತ್ತರಿಸಿ, ರಂಧ್ರವಿಟ್ಟು ದಾರ ಪೋಣಿಸಿ, ಮೇಲೆಕೆಳಗೆ ಮರದ ಹಲಗೆಯಿಟ್ಟು ಕಟ್ಟುತ್ತಿದ್ದರು. ಒಂದಕ್ಷರವನ್ನು ಬರೆಯುವುದಕ್ಕೆ ಮುಂಚೆಯೇ ಇಷ್ಟು ಶ್ರಮ.

ಬರೆಯುವವನಿಗೆ ಮೇಜು ಬೇಕಾಗಿರಲಿಲ್ಲ. ಗರಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಕಂಠಕ್ಕೆ ಎಡಗೈಯ ಹೆಬ್ಬೆರಳಿನ ಆಸರೆ ಕೊಟ್ಟು ಬರೆಯುತ್ತಿದ್ದನು. ಎಳೆಯ ಉದ್ದಕ್ಕೆ ನೇರವಾದ ಗೆರೆಯನ್ನು ಕೊರೆದರೆ ಗರಿಯು ಸೀಳುವ ಭಯವಿದ್ದುದರಿಂದಲೇ ಕನ್ನಡದ ಅಕ್ಷರಗಳು ಬರಬರುತ್ತ ದುಂಡಾದುವೆಂದು ಲಿಪಿಶಾಸ್ತ್ರಜ್ಞರು ಹೇಳುವರು. ಸುಮಾರು ೪೫೦ರದೆಂದು ಎಣಿಸಲಾದ ಹಲ್ಮಿಡಿಯ ಶಾಸನದ ಅಕ್ಷರಗಳನ್ನು ಈಗಿನ ಅಕ್ಷರಗಳೊಡನೆ ಹೋಲಿಸಿ ನೋಡಿದವರಿಗೆ ಕೋನಗಳು ಕರಗಿ ಬಳುಕಾದ ಬಗೆಯು ಕಣ್ಣಿಗೆ ಕಟ್ಟುವುದು.

ಇನ್ನೊಂದು ವಿಶೇಷವುಂಟು. ಕಂಠದಿಂದ ಕೊರೆದ ಅಕ್ಷರಕ್ಕೆ ಬಣ್ಣವಿಲ್ಲ. ಗರಿಯ ಮೇಲೆ ಬರಿಯ ಗೀರು ಕಾಣುವುದೇ ಹೊರತು, ಬರೆದುದು ಸ್ಪಷ್ಟವಾಗಿ ತೋರದು. ಬರೆದು ಮುಗಿಸಿ ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಸವರಿ ಒರೆಸಿದಾಗ ಮಸಿಯು ಗೀರುಗಳಲ್ಲಿ ಮಾತ್ರ ನಿಂತು, ಸಾಲುಸಾಲಾಗಿ ಅಕ್ಷರಗಳು ಒಮ್ಮೆಲೇ ಮೂಡುವುವು. ದಿನವೆಲ್ಲ ಕಣ್ಣಿಗಿಂತ ಹೆಚ್ಚಾಗಿ ಬೆರಳಿನ ಅಭ್ಯಾಸವನ್ನು ನಂಬಿ ಬರೆದ ಲಿಪಿಕಾರನಿಗೆ ಆ ಕ್ಷಣವು ಎಂತಹ ಸಂತೋಷದ್ದಾಗಿದ್ದಿರಬೇಕು!

ಈ ಸಂತೋಷವು ಬರಿಯ ಊಹೆಯಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ರಚಿಸಿದ ಕುಮಾರವ್ಯಾಸನೇ ಇದಕ್ಕೆ ಸಾಕ್ಷಿ. ಹದಿನೈದನೆಯ ಶತಮಾನದವನೆಂದು ವಿದ್ವಾಂಸರು ಎಣಿಸುವ ಈ ಮಹಾಕವಿಯು ಕಾವ್ಯದ ಪೀಠಿಕೆಯಲ್ಲಿ ತನ್ನ ಹಿರಿಮೆಗಳನ್ನು ಎಣಿಸುವಾಗ ಛಂದಸ್ಸು ಅಲಂಕಾರಗಳ ಮಾತನ್ನು ಎತ್ತಲಿಲ್ಲ. ಬರೆಯುವ ಸಾಧನಗಳ ಮಾತನ್ನು ಎತ್ತಿದನು. ತಾನು ಹಲಗೆಬಳಪಗಳನ್ನು ಕೈಗೆ ತೆಗೆದುಕೊಂಡವನಲ್ಲವೆಂದೂ, ಇಟ್ಟ ಪದವನ್ನು ಅಳಿಸಿದವನಲ್ಲವೆಂದೂ, ಬರೆಯುತ್ತ ಹೋದಂತೆ ಓಲೆಯ ಮೇಲಣ ಕಂಠದ ಸದ್ದು ನಿಂತುದಿಲ್ಲವೆಂದೂ ಹೆಮ್ಮೆಪಟ್ಟಿರುವನು. ಇತರ ಕವಿಗಳು ಮೊದಲು ಬಳಪದಿಂದ ಹಲಗೆಯ ಮೇಲೆ ಕರಡು ಬರೆದು, ಅಳಿಸಿ ತಿದ್ದಿ, ಆಮೇಲೆ ಓಲೆಗೆ ಏರಿಸುತ್ತಿದ್ದರೆಂಬುದು ಇದರಿಂದ ತಿಳಿದುಬರುವುದು. ಕ್ಷಮಿಸುವ ಬಳಪವನ್ನು ಬಿಟ್ಟು, ಕ್ಷಮಿಸದ ಕಂಠವನ್ನೇ ನೇರವಾಗಿ ಹಿಡಿದುದು ಆತನ ಎದೆಗಾರಿಕೆ. ಕಂಠವು ಗರಿಯನ್ನು ಕೊರೆಯುವ ಸಣ್ಣ ಸದ್ದು ಆ ಕವಿಯ ಕಿವಿಗೆ ಎಷ್ಟು ಇಂಪಾಗಿದ್ದಿತೆಂದರೆ, ಅದನ್ನೂ ಕಾವ್ಯದೊಳಗೆ ಸೇರಿಸದೆ ಬಿಡಲು ಅವನಿಗೆ ಮನಸ್ಸಾಗಲಿಲ್ಲ.

ಆದರೆ ಕವಿಯು ಒಮ್ಮೆ ಬರೆದರೆ ಸಾಲದು. ಓಲೆಯು ಕಲ್ಲಲ್ಲ. ಗೆದ್ದಲು, ಹುಳು, ತೇವ, ಬೆಂಕಿ ಇವೆಲ್ಲವೂ ಅದಕ್ಕೆ ಶತ್ರುಗಳು. ಕೆಲವು ನೂರು ವರ್ಷಗಳಿಗೊಮ್ಮೆ ಯಾರಾದರೂ ಕುಳಿತು ಹೊಸ ಗರಿಗಳಿಗೆ ಇಳಿಸಿದರೆ ಮಾತ್ರ ಗ್ರಂಥಕ್ಕೆ ಮುಂದಣ ಆಯುಷ್ಯ. ಆ ಲಿಪಿಕಾರರಲ್ಲಿ ಬಹು ಮಂದಿಯ ಹೆಸರೂ ಉಳಿದಿಲ್ಲ. ಗ್ರಂಥದ ಕೊನೆಯಲ್ಲಿ ಅವರು ಬರೆದಿಡುತ್ತಿದ್ದ ವಾಕ್ಯಗಳಲ್ಲಿ ಬೆನ್ನು ಬಾಗಿತು, ಕಣ್ಣು ದಣಿಯಿತು ಎಂಬ ಅಳಲೂ, ಕಂಡಂತೆ ಬರೆದಿದೆ, ತಪ್ಪಿದ್ದರೆ ತಿದ್ದಿಕೊಳ್ಳಿರಿ ಎಂಬ ವಿನಯವೂ, ಇದನ್ನು ನೀರಿನಿಂದಲೂ ಮೂಢರ ಕೈಯಿಂದಲೂ ಕಾಪಾಡಿರಿ ಎಂಬ ಬೇಡಿಕೆಯೂ ಪದೇ ಪದೇ ಕಾಣುವುವು.

ಹಾಗೆ ಬರೆಯುವ ಕೈಗಳು ಇದ್ದುದಕ್ಕೂ ಇಲ್ಲದುದಕ್ಕೂ ಇರುವ ಅಂತರವನ್ನು ಪೊನ್ನನ ಕೃತಿಗಳೇ ತೋರಿಸುವುವು. ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದ ಈ ಕವಿಯ ಶಾಂತಿಪುರಾಣವನ್ನು ದಾನಚಿಂತಾಮಣಿಯೆನಿಸಿದ ಅತ್ತಿಮಬ್ಬೆಯು ಸಾವಿರ ಪ್ರತಿಗಳಾಗಿ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಅಚ್ಚಿನ ಯಂತ್ರವಿಲ್ಲದ ದಿನಗಳಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಗರಿಗಳು, ಎಷ್ಟು ಕಂಠಗಳು, ಎಷ್ಟು ಬಾಗಿದ ಬೆನ್ನುಗಳು! ಆ ಪುರಾಣವು ಇಂದಿಗೂ ಓದಲು ದೊರೆಯುವುದು. ಅದೇ ಕವಿಯ ಭುವನೈಕರಾಮಾಭ್ಯುದಯಕ್ಕೆ ಅಂತಹ ಭಾಗ್ಯವಿಲ್ಲದೆ ಹೋಯಿತು. ಅದು ಇಂದಿಗೂ ದೊರೆತಿಲ್ಲ. ಅತ್ತಿಮಬ್ಬೆಯ ಆಶ್ರಯದಲ್ಲಿ ೯೯೩ರಲ್ಲಿ ಅಜಿತಪುರಾಣವನ್ನು ಮುಗಿಸಿದ ರನ್ನನ ಪರಶುರಾಮಚರಿತ, ಚಕ್ರೇಶ್ವರಚರಿತಗಳೂ ದೊರೆತಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಹೆಸರಿಸುವ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಕನ್ನಡ ಗದ್ಯದ ಒಂದು ಗರಿಯೂ ಸಿಕ್ಕಿಲ್ಲ. ಮಹಾಕವಿಯ ಪ್ರತಿಭೆಯೊಂದೇ ಕಾವ್ಯವನ್ನು ಕಾಯಲಾರದು. ಹೆಸರಿಲ್ಲದ ಲಿಪಿಕಾರನ ಅಕ್ಷರಪ್ರೀತಿಯೂ ಅದಕ್ಕೆ ಬೇಕು.

ಮೂರನೆಯದಾದ ಲೆಕ್ಕಣಿಕೆಯು ಕಾಗದದ ಬಳಕೆ ಹೆಚ್ಚಿದಂತೆ ಮೇಲೆ ಬಂದಿತು. ಜೊಂಡಿನ ಕಡ್ಡಿಯನ್ನೋ ಬಿದಿರಿನ ಕಡ್ಡಿಯನ್ನೋ ಓರೆಯಾಗಿ ಕೆತ್ತಿ, ತುದಿಯನ್ನು ಸೀಳಿ, ದೌತಿಯಲ್ಲಿ ಅದ್ದಿ ಬರೆಯುತ್ತಿದ್ದರು. ದೀಪದ ಕಾಡಿಗೆಗೆ ಗೋಂದನ್ನೂ ನೀರನ್ನೂ ಬೆರೆಸಿ ಬಹಳ ಹೊತ್ತು ಅರೆದರೆ ಮಸಿಯಾಗುತ್ತಿತ್ತು. ಕಡ್ಡಿಯನ್ನು ತಾನೇ ಕೆತ್ತಿಕೊಂಡು, ಮಸಿಯನ್ನು ತಾನೇ ಅರೆದುಕೊಂಡವನಿಗೆ ಬರೆದ ಸಾಲಿನ ಮೇಲೆ ಮಮತೆ ಹುಟ್ಟಿದುದು ಸಹಜವೇ. ನವರಾತ್ರಿಯಲ್ಲಿ ಯೋಧನು ಖಡ್ಗವನ್ನು ಪೂಜಿಸಿದಂತೆ, ಅಕ್ಷರಜೀವಿಯು ಪುಸ್ತಕದೊಡನೆ ಲೇಖನಿಯನ್ನೂ ಪೀಠದ ಮೇಲಿಟ್ಟು ಪೂಜಿಸಿದನು.

ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಿನ ವಿದ್ಯೆಯು ಕನ್ನಡಕ್ಕೆ ಬಂದಿತು. ೧೮೧೭ರಲ್ಲಿ ಕೇರಿಯವರ ಕನ್ನಡ ವ್ಯಾಕರಣವು ಶ್ರೀರಾಮಪುರದಲ್ಲಿ ಅಚ್ಚಾಯಿತು. ಆದರೂ ಕೈಬರಹವು ಥಟ್ಟನೆ ಹಿಂದೆ ಸರಿಯಲಿಲ್ಲ. ೧೮೪೩ರ ಜುಲೈ ೧ರಂದು ಮೋಗ್ಲಿಂಗ್ ಪಾದ್ರಿಗಳು ಹೊರಡಿಸಿದ ಮಂಗಳೂರ ಸಮಾಚಾರವು ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ಎಲ್ಲರೂ ಬಲ್ಲರು. ಅದು ಕಲ್ಲಚ್ಚಿನಲ್ಲಿ ಮುದ್ರಿತವಾದುದು. ಕಲ್ಲಚ್ಚೆಂದರೆ ಮೊಳೆಗಳನ್ನು ಜೋಡಿಸುವ ಕೆಲಸವಲ್ಲ. ಕೈಯಿಂದ ಬರೆದುದನ್ನು ಕಲ್ಲಿನ ಮೇಲಿಂದ ಕಾಗದಕ್ಕೆ ಇಳಿಸುವ ಕೆಲಸ. ಕನ್ನಡಿಗರು ಓದಿದ ಮೊದಲ ಪತ್ರಿಕೆಯೂ ಹೀಗೆ ಕೈಬರಹವೇ ಆಗಿದ್ದಿತು. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ಬೃಹತ್ಕೋಶದ ಪದಗಳೂ ಅಚ್ಚಿನ ಮನೆಗೆ ಹೋಗುವ ಮುನ್ನ ವರ್ಷಗಟ್ಟಲೆ ಕೈಯಿಂದ ಬರೆಯಲ್ಪಟ್ಟವು.

ಅಚ್ಚು ಉಳಿಸಿದುದೂ ಕೈಬರಹವು ಉಳಿಸಿಕೊಟ್ಟುದನ್ನೇ. ಮೈಸೂರಿನಲ್ಲಿ ೧೮೯೧ರಲ್ಲಿ ಸ್ಥಾಪಿತವಾದ ಪ್ರಾಚ್ಯಪುಸ್ತಕಭಂಡಾರಕ್ಕೆ ೧೯೦೫ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ಓಲೆಯ ಕಟ್ಟನ್ನು ತಂದುಕೊಟ್ಟರು. ಗ್ರಂಥಲಿಪಿಯಲ್ಲಿದ್ದ ಅದನ್ನು ಅಲ್ಲಿನ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು ಬಿಡಿಸಿ ನೋಡಲಾಗಿ, ಅದು ಲೋಕವು ಕಳೆದುಹೋಯಿತೆಂದು ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವಾಗಿದ್ದಿತು. ೧೯೦೯ರಲ್ಲಿ ಅವರು ಮೂಲವನ್ನು ಮುದ್ರಿಸಿದರು. ಆ ಗರಿಗಳನ್ನು ಕೊರೆದವನು ಯಾರೋ, ಆ ಕಟ್ಟನ್ನು ಅಟ್ಟದಿಂದ ಬೀಳಗೊಡದೆ ಕಾದವರು ಯಾರೋ! ಅವರು ಒಂದು ದಿನ ಬೇಸರಪಟ್ಟಿದ್ದರೆ ಭರತಖಂಡದ ರಾಜನೀತಿಯ ಚರಿತ್ರೆಯೇ ಬೇರೆಯಾಗಿ ಬರೆಯಲ್ಪಡುತ್ತಿದ್ದಿತು.

ಅನಂತರ ಸಾಧನಗಳು ಬೇಗಬೇಗನೆ ಬದಲಾದುವು. ಉಕ್ಕಿನ ನಿಬ್ಬು ಜೊಂಡಿನ ಕಡ್ಡಿಯನ್ನು ಓಡಿಸಿತು. ವಾಟರ್‌ಮನ್ನನು ೧೮೮೪ರಲ್ಲಿ ಹಕ್ಕುಪತ್ರ ಪಡೆದ ಬಗೆಯ ಮಸಿ ತುಂಬುವ ಪೆನ್ನು ದೌತಿಯನ್ನು ಮೂಲೆಗೆ ಸರಿಸಿತು. ಬಾಲ್ ಪೆನ್ನು ಆ ಪೆನ್ನನ್ನೂ, ಈಗ ಗುಂಡಿ ಒತ್ತಿ ಬರೆಯುವ ಯಂತ್ರಗಳು ಪೆನ್ನೆಂಬುದನ್ನೇ ಹಿಂದಕ್ಕೆ ತಳ್ಳುತ್ತಿವೆ. ಯಂತ್ರವು ಬಳಪಕ್ಕಿಂತಲೂ ಹೆಚ್ಚು ಕ್ಷಮಾಶೀಲವಾದುದು; ಅಳಿಸಿದುದರ ಗುರುತನ್ನೂ ಅದು ಉಳಿಸದು. ಅದರ ಉಪಕಾರವು ದೊಡ್ಡದು. ಮಾಸಿದ ಓಲೆಗಳ ಪ್ರತಿಬಿಂಬಗಳನ್ನು ತೆಗೆದು ಕಾಪಾಡುವ ಶಕ್ತಿಯೂ ಅದಕ್ಕೆ ಉಂಟು. ಆದರೆ ಕಟ್ಟನ್ನು ಅಟ್ಟದಿಂದ ಇಳಿಸಿ ಧೂಳು ಕೊಡಹುವ ಕೈ ಮನುಷ್ಯನದೇ ಆಗಬೇಕು.

ಹಳೆಯ ಮನೆಗಳ ಅಟ್ಟಗಳಲ್ಲಿ ಇಂದಿಗೂ ಓಲೆಯ ಕಟ್ಟುಗಳೂ, ಕರಿಯ ಕಡತಗಳೂ, ಅಜ್ಜಂದಿರ ಲೆಕ್ಕಣಿಕೆಯ ಪುಸ್ತಕಗಳೂ ಇರುವುದುಂಟು. ಓದಲು ಬಾರದ ಲಿಪಿಯೆಂದು, ಜಾಗ ಸಾಲದೆಂದು ಅವುಗಳನ್ನು ಹೊಳೆಗೆ ಬಿಡುವವರೂ ಒಲೆಗೆ ಒಡ್ಡುವವರೂ ಉಂಟು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮೊದಲಾದೆಡೆಗಳಲ್ಲಿ ಅವುಗಳನ್ನು ಬಲ್ಲವರಿರುವರು; ಅವರ ಕಣ್ಣಿಗೆ ಬೀಳದೆ ಒಂದು ಗರಿಯೂ ನಾಶವಾಗಬಾರದು. ಭುವನೈಕರಾಮಾಭ್ಯುದಯದ ಕೊನೆಯ ಪ್ರತಿಯೂ ಯಾವುದೋ ಒಂದು ಮನೆಯ ಅಟ್ಟದ ಮೇಲೆಯೇ ಇದ್ದಿರಬೇಕು.