ಭಾರತಕ್ಕೆ ಬಂದು ಮರಳಿದ ಮೇಲೆ ರುಚಿಗಟ್ಟಿದ ವೈನ್

ವಿಂದಾಲೂ ಎಂದ ಮೇಲೆ ಅದರಲ್ಲಿ ಆಲೂಗಡ್ಡೆ ಇರಲೇಬೇಕು ಎಂದು ನಂಬಿದವರು ಬಹಳ ಮಂದಿ. ಇಂಗ್ಲೆಂಡಿನ ‘ಇಂಡಿಯನ್’ ಹೋಟೆಲುಗಳಲ್ಲಿ ಹಾಕಿಯೂ ಹಾಕುತ್ತಾರೆ. ಮಂಗಳೂರಿನ ಕ್ರೈಸ್ತ ಮನೆಗಳ ಅಡುಗೆ ಬಲ್ಲ ಹೆಂಗಸರು ಇದನ್ನು ಕೇಳಿದರೆ ನಕ್ಕುಬಿಟ್ಟಾರು. ಆ ಹೆಸರಿನಲ್ಲಿರುವ ‘ಆಲೂ’ ಗಡ್ಡೆಯದಲ್ಲ, ಬೆಳ್ಳುಳ್ಳಿಯದು. ಪೋರ್ಚುಗೀಸ್ ಭಾಷೆಯಲ್ಲಿ ‘ವಿನ್ಯೊ’ ಎಂದರೆ ವೈನ್, ‘ಅಲ್ಯೊ’ ಎಂದರೆ ಬೆಳ್ಳುಳ್ಳಿ. ಹಂದಿಮಾಂಸದ ತುಂಡುಗಳನ್ನು ವೈನ್ ಅಥವಾ ವೈನಿನ ವಿನೆಗರ್ ಮತ್ತು ಬೆಳ್ಳುಳ್ಳಿಯಲ್ಲಿ ಕೆಲವು ದಿನ ನೆನೆಹಾಕಿ, ಬಳಿಕ ಬೇಯಿಸಿ ಹುರಿಯುವ ‘ಕಾರ್ನೆ ದ ವಿನ್ಯಾ ದಾಲ್ಯೊಸ್’ ಎಂಬ ಅಡುಗೆ ಪೋರ್ಚುಗೀಸರ ಹಡಗಿನೊಂದಿಗೆ ಗೋವೆಗೆ ಬಂತು. ಇಲ್ಲಿ ದ್ರಾಕ್ಷಿಯ ವೈನ್ ಎಲ್ಲಿಂದ ತರುವುದು? ತೆಂಗಿನ ಕಳ್ಳು ಹುಳಿಯಾಗಿ ದೊರೆಯುವ ವಿನೆಗರ್ ಆ ಜಾಗಕ್ಕೆ ಬಂತು. ಪೋರ್ಚುಗೀಸರೇ ಅಮೆರಿಕ ಖಂಡದಿಂದ ತಂದ ಮೆಣಸಿನಕಾಯಿ ಸೇರಿತು. ಗೋವೆಯಿಂದ ಕರಾವಳಿಗೆ ವಲಸೆ ಬಂದ ಕುಟುಂಬಗಳ ಒಲೆಯ ಮೇಲೆ ಅದಕ್ಕೆ ಬ್ಯಾಡಗಿಯ ಕೆಂಪು ಬಣ್ಣವೂ ಹತ್ತಿತು.

ಮೆಣಸಿನಕಾಯಿಯ ಸೋಂಕಿಲ್ಲದ, ಬರೀ ವೈನ್-ಬೆಳ್ಳುಳ್ಳಿಯ ಮೂಲ ಅಡುಗೆಗೆ ಹತ್ತಿರದ ರುಚಿ ನೋಡಬೇಕೆಂದರೆ ಮದೀರಾ ದ್ವೀಪಕ್ಕೆ ಹೋಗಬೇಕು. ಅಲ್ಲಿ ಇಂದಿಗೂ ಅದು ಕ್ರಿಸ್‌ಮಸ್ ಹಬ್ಬದ ಅಡುಗೆ. ಹೆಸರು ಕೇಳಿದೊಡನೆ ಕನ್ನಡಿಗರಿಗೆ ‘ಮದಿರೆ’ ನೆನಪಾಗುವುದು ಸಹಜ. ಆ ದ್ವೀಪ ಜಗತ್ತಿಗೆಲ್ಲ ಪರಿಚಿತವಾಗಿರುವುದು ವೈನಿನಿಂದಲೇ ಆದ್ದರಿಂದ ಸಂಶಯ ಇನ್ನೂ ಗಟ್ಟಿಯಾಗುತ್ತದೆ. ಆದರೆ ಎರಡಕ್ಕೂ ನಂಟಿಲ್ಲ. ಪೋರ್ಚುಗೀಸಿನಲ್ಲಿ ಮದೀರಾ ಎಂದರೆ ಮರ, ನಾಟಾ. 1419ರಲ್ಲಿ ಪೋರ್ಚುಗೀಸ್ ನಾವಿಕರು ಈ ದ್ವೀಪ ಸಮೂಹವನ್ನು ತಲುಪಿದಾಗ ಅಲ್ಲಿ ಕಂಡದ್ದು ದಟ್ಟ ಕಾಡು, ಮನುಷ್ಯರಿಲ್ಲ. ರಾಜಧಾನಿ ಫುಂಚಾಲ್‌ಗೆ ಆ ಹೆಸರು ಬಂದದ್ದು ಅಲ್ಲಿ ಬೆಳೆದಿದ್ದ ಬಡೆಸೋಂಪಿನಿಂದ.

ಲಿಸ್ಬನ್‌ನಿಂದ ನೈಋತ್ಯಕ್ಕೆ ಸುಮಾರು ಸಾವಿರ ಕಿಲೋಮೀಟರ್ ದೂರದಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ ಎದ್ದುನಿಂತ ಜ್ವಾಲಾಮುಖಿ ಬೆಟ್ಟವೇ ಈ ದ್ವೀಪ. ಯುರೋಪಿನಿಂದ ಆಫ್ರಿಕಾ ಸುತ್ತಿ ಭಾರತಕ್ಕೆ ಹೊರಟ ಹಡಗುಗಳಿಗೆ ಇದೊಂದು ತಂಗುದಾಣ. ನೀರು, ಸೌದೆ, ಆಹಾರ ತುಂಬಿಸಿಕೊಳ್ಳುವಾಗ ವೈನಿನ ಪೀಪಾಯಿಗಳನ್ನೂ ಹೇರಿಕೊಳ್ಳುವುದು ವಾಡಿಕೆಯಾಯಿತು. ಕತೆ ಆರಂಭವಾಗುವುದು ಇಲ್ಲಿಂದ.

ಮದೀರಾದಿಂದ ಹೊರಟ ಹಡಗು ಅಟ್ಲಾಂಟಿಕ್‌ನಲ್ಲಿ ದಕ್ಷಿಣಕ್ಕೆ ಸಾಗುವಾಗ ಒಮ್ಮೆ, ಹಿಂದೂ ಮಹಾಸಾಗರದಲ್ಲಿ ಉತ್ತರಕ್ಕೆ ತಿರುಗಿದಾಗ ಇನ್ನೊಮ್ಮೆ ಸಮಭಾಜಕ ವೃತ್ತವನ್ನು ದಾಟುತ್ತದೆ. ಮರಳುವಾಗ ಮತ್ತೆ ಎರಡು ಸಲ. ಹಡಗಿನ ತಳದಲ್ಲಿ ತಿಂಗಳುಗಟ್ಟಲೆ ಬೆಂದು, ಅಲೆಗಳ ಹೊಡೆತಕ್ಕೆ ಕುಲುಕಿ, ಪೀಪಾಯಿಯ ಮರದ ಸಂದಿನಿಂದ ಗಾಳಿ ಕುಡಿದ ವೈನ್ ಕೆಟ್ಟುಹೋಗಬೇಕಿತ್ತು. ಬೇರೆ ಯಾವ ವೈನಾದರೂ ಕೆಡುತ್ತಿತ್ತು. ಆದರೆ ಮಾರಾಟವಾಗದೆ ಫುಂಚಾಲ್‌ಗೆ ಮರಳಿದ ಪೀಪಾಯಿಗಳನ್ನು ತೆರೆದು ನೋಡಿದ ವರ್ತಕರಿಗೆ ಸಿಕ್ಕಿದ್ದು ಹೊರಟಾಗಿನದಕ್ಕಿಂತ ಎಷ್ಟೋ ಉತ್ತಮವಾದ ಪೇಯ. ಬೂರ್ಜ್ವಾ ಸೊಗಸುಗಾರಿಕೆ ಎನ್ನಿ, ವ್ಯಾಪಾರಿ ಬುದ್ಧಿ ಎನ್ನಿ, ಹದಿನೆಂಟನೆಯ ಶತಮಾನದ ಹೊತ್ತಿಗೆ ವೈನನ್ನು ಮಾಗಿಸುವುದಕ್ಕೆಂದೇ ಭಾರತಕ್ಕೆ ಕಳಿಸಿ ವಾಪಸು ತರಿಸುವ ಪದ್ಧತಿ ಬಂತು. ‘ವಿನ್ಯೊ ದ ರೋಡಾ’, ಅಂದರೆ ಸುತ್ತು ಹಾಕಿ ಬಂದ ವೈನ್ ಎಂದು ಅದಕ್ಕೆ ಹೆಸರು. ಬೆಲೆಯೂ ಹೆಚ್ಚು. ಲಂಡನ್ನಿನ ಶ್ರೀಮಂತರು ತಾವು ಕುಡಿಯುತ್ತಿರುವುದು ‘ಈಸ್ಟ್ ಇಂಡಿಯಾ ಮದೀರಾ’ ಎಂದು ಅತಿಥಿಗಳಿಗೆ ಹೇಳಿಕೊಳ್ಳುವುದರಲ್ಲಿ ಸುಖ ಕಂಡರು.

ಒಳಗೆ ನಡೆಯುವುದೇನು? ಹಾಲನ್ನು ಬತ್ತಿಸಿ ಖೋವಾ ಮಾಡುವಾಗ ಬಿಳುಪು ಹೋಗಿ ಕಂದು ಬಣ್ಣ, ಹುರಿದ ಪರಿಮಳ ಬರುತ್ತದಲ್ಲ, ಹೆಚ್ಚು ಕಡಿಮೆ ಅಂಥದೇ ಬದಲಾವಣೆ ಇಲ್ಲಿ ನಿಧಾನವಾಗಿ ನಡೆಯುತ್ತದೆ. ಶಾಖಕ್ಕೆ ಸಕ್ಕರೆ ಕಂದಾಗುತ್ತದೆ, ಆಮ್ಲಜನಕ ತಾಗಿ ಹಣ್ಣಿನ ಹಸಿ ವಾಸನೆ ಹೋಗಿ ಬಾದಾಮಿ, ಸುಟ್ಟ ಸಕ್ಕರೆ, ಕಿತ್ತಳೆ ಸಿಪ್ಪೆಯ ವಾಸನೆ ಹುಟ್ಟುತ್ತದೆ. ಪಯಣದಲ್ಲಿ ಕೆಡದಿರಲೆಂದು ಬ್ರಾಂದಿ ಬೆರೆಸುವ ಕ್ರಮವೂ ಹದಿನೆಂಟನೆಯ ಶತಮಾನದಲ್ಲೇ ರೂಢಿಗೆ ಬಂದದ್ದು. ಒಟ್ಟು ಆಲ್ಕೋಹಾಲ್ ಅಂಶ ಶೇ 17ರಿಂದ 22ರವರೆಗೆ. ಕೆಡಿಸಬಲ್ಲ ಬಿಸಿಯನ್ನೂ ಗಾಳಿಯನ್ನೂ ಮೊದಲೇ ಉಂಡು ಅರಗಿಸಿಕೊಂಡ ವೈನನ್ನು ಇನ್ನಾವುದು ತಾನೇ ಕೆಡಿಸೀತು? ಬಿರಡೆ ತೆಗೆದ ಸಾಧಾರಣ ವೈನ್ ಕೆಲವೇ ದಿನಗಳಲ್ಲಿ ಹುಳಿಯಾದರೆ, ತೆರೆದ ಮದೀರಾ ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ.

ಈ ಗುಣವೇ ಅದನ್ನು ಬ್ರಿಟಿಷ್ ಸಾಮ್ರಾಜ್ಯದ ಪಾನೀಯವನ್ನಾಗಿಸಿತು. 1662ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾದ. ಮುಂಬಯಿ ವರದಕ್ಷಿಣೆಯಾಗಿ ಹೋದದ್ದು ಶಾಲೆಯ ಪಾಠದಲ್ಲಿದೆ. ಅದರ ಮರುವರ್ಷವೇ, ಯುರೋಪಿನ ಸರಕು ಇಂಗ್ಲೆಂಡಿನ ಮೂಲಕವಲ್ಲದೆ ವಸಾಹತುಗಳಿಗೆ ಹೋಗಕೂಡದು ಎಂದು ಕಾನೂನು ಮಾಡಿದಾಗ ಮದೀರಾದ ವೈನಿಗೆ ವಿನಾಯಿತಿ ಸಿಕ್ಕಿತು. ಪರಿಣಾಮವಾಗಿ ಅಮೆರಿಕದ ವಸಾಹತುಗಳ ಊಟದ ಮೇಜನ್ನೆಲ್ಲ ಅದು ಆಕ್ರಮಿಸಿತು. 1768ರಲ್ಲಿ ಬಾಸ್ಟನ್ನಿನ ವರ್ತಕ ಜಾನ್ ಹ್ಯಾನ್‌ಕಾಕ್‌ನ ‘ಲಿಬರ್ಟಿ’ ಎಂಬ ಹಡಗನ್ನು ಸುಂಕದ ಅಧಿಕಾರಿಗಳು ಜಪ್ತು ಮಾಡಿ ಊರಿಗೆ ಊರೇ ದೊಂಬಿಯೆದ್ದಿತಲ್ಲ, ಆ ಹಡಗು ತಂದದ್ದು ಮದೀರಾ ವೈನ್. ಚಹಾದ ಪೆಟ್ಟಿಗೆಗಳನ್ನು ಬಾಸ್ಟನ್ ಬಂದರಿನಲ್ಲಿ ನೀರಿಗೆಸೆದದ್ದು ಅದಾದ ಐದು ವರ್ಷಕ್ಕೆ.

ಇತ್ತ ಕಲ್ಕತ್ತೆ, ಮದರಾಸುಗಳಲ್ಲಿ ಕಂಪೆನಿಯ ಸಾಹೇಬರಿಗೂ ಅದೇ ಬೇಕಾಯಿತು. ಫ್ರಾನ್ಸಿನ ನವಿರಾದ ವೈನ್‌ಗಳು ಇಲ್ಲಿನ ಸೆಕೆಗೆ ತಡೆಯುತ್ತಿರಲಿಲ್ಲ. ಮದೀರಾಕ್ಕಾದರೋ ಸೆಕೆಯೇ ಅನ್ನ.

ಸಮುದ್ರಯಾನದ ಖರ್ಚು ಕಡಿಮೆಯೇನಲ್ಲ. ಹಾಗಾಗಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ದ್ವೀಪದಲ್ಲೇ ಬೆಚ್ಚನೆಯ ಕೋಣೆಗಳನ್ನು ಕಟ್ಟಿ ಹಡಗಿನ ತಳವನ್ನು ಅನುಕರಿಸುವ ‘ಎಸ್ತೂಫಾ’ ವಿಧಾನ ಬಂತು. ಈಗ ಸಾಮಾನ್ಯ ದರ್ಜೆಯ ವೈನನ್ನು ತೊಟ್ಟಿಗಳಲ್ಲಿ ತುಂಬಿ 45ರಿಂದ 50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕನಿಷ್ಠ ಮೂರು ತಿಂಗಳು ಇಡುತ್ತಾರೆ. ಉತ್ತಮವಾದದ್ದನ್ನು ಮಾತ್ರ ಪೀಪಾಯಿಗಳಲ್ಲಿ, ಬಿಸಿಲು ಕಾಯುವ ಅಟ್ಟದ ಮೇಲೆ ವರ್ಷಗಟ್ಟಲೆ ಬಿಡುವುದು. ಅಟ್ಟವೂ ಒಂದು ಬಗೆಯ ಹಡಗೇ, ನಿಂತಲ್ಲೇ ನಿಂತ ಹಡಗು.

ರುಚಿ ನೋಡುವವರು ಮೊದಲು ಕೇಳುವುದು ದ್ರಾಕ್ಷಿಯ ತಳಿ ಯಾವುದೆಂದು. ಏಕೆಂದರೆ ಸಾಂಪ್ರದಾಯಿಕವಾಗಿ ತಳಿಯ ಹೆಸರೇ ಸಿಹಿಯ ಅಳತೆ. ಸೆರ್ಸಿಯಾಲ್ ಎಲ್ಲಕ್ಕಿಂತ ಒಣ ರುಚಿಯದು. ಅದರ ಹುಳಿ ಎಷ್ಟು ಕಡುವೆಂದರೆ ಪೋರ್ಚುಗಲ್ಲಿನ ಮುಖ್ಯ ನೆಲದಲ್ಲಿ ಆ ದ್ರಾಕ್ಷಿಗೆ ‘ನಾಯಿಯ ಕತ್ತು ಹಿಸುಕುವುದು’ ಎಂಬರ್ಥದ ಹೆಸರಿದೆ. ವೆರ್ದೆಲ್ಯೊ ಅದಕ್ಕಿಂತ ಕೊಂಚ ಮೃದು, ಬುವಾಲ್ ಸಿಹಿ, ಮಾಲ್ವಸಿಯಾ ಅತಿ ಸಿಹಿ. ಕುಡಿದವರು ವಿಶೇಷವಾಗಿ ಹೇಳುವ ಸಂಗತಿಯೆಂದರೆ, ಮಾಲ್ವಸಿಯಾ ಜೋನಿಬೆಲ್ಲದಂತೆ ದಟ್ಟವಾಗಿದ್ದರೂ ನಾಲಗೆಗೆ ಮೆತ್ತುವುದಿಲ್ಲ. ಕೊನೆಯಲ್ಲಿ ಹುಳಿ ಬಂದು ಬಾಯಿ ತೊಳೆಯುತ್ತದೆ. ಒಳ್ಳೆಯ ಗೊಜ್ಜಿನಲ್ಲಿ ಬೆಲ್ಲ ಮತ್ತು ಹುಣಸೆ ಒಂದನ್ನೊಂದು ಹಿಡಿದು ನಿಲ್ಲಿಸುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದ್ದರಿಂದ ಊಟಕ್ಕೆ ಮುನ್ನ, ಹುರಿದ ಬಾದಾಮಿ, ಆಲಿವ್, ಹೊಗೆ ಹಾಕಿದ ಮೀನಿನ ಜೊತೆ ತಣ್ಣಗಿನ ಸೆರ್ಸಿಯಾಲ್. ಸೂಪ್ ಬಂದಾಗ ವೆರ್ದೆಲ್ಯೊ. ಹಳೆಯ ಗಟ್ಟಿ ಚೀಸಿಗೆ ಬುವಾಲ್. ಮಾಲ್ವಸಿಯಾಗೆ ಜೊತೆ ‘ಬೋಲು ದ ಮೆಲ್’. ಹೆಸರಿನಲ್ಲಿ ಜೇನಿದ್ದರೂ ಈ ಕೇಕಿಗೆ ಹಾಕುವುದು ಕಬ್ಬಿನ ಕಾಕಂಬಿ. ಲವಂಗ, ದಾಲ್ಚಿನ್ನಿ, ಬೀಜಗಳು ಬೀಳುವ ಈ ಕಪ್ಪು ಕೇಕನ್ನು ಡಿಸೆಂಬರ್ 8ರ ಹಬ್ಬದ ಸುಮಾರಿಗೆ ಬೇಯಿಸಿಟ್ಟರೆ ವರ್ಷವಿಡೀ ಕೆಡದು. ಅದಕ್ಕೆ ಚಾಕು ತಾಗಿಸಬಾರದು, ಕೈಯಿಂದಲೇ ಮುರಿಯಬೇಕು. ಬೆಳ್ಳುಳ್ಳಿ ಮಾಂಸಕ್ಕಾದರೆ? ಖಾರವಿಲ್ಲದ ಮೂಲ ಅಡುಗೆಗೆ ಒಣ ಮದೀರಾ ಹೊಂದುತ್ತದೆ. ಖಾರದ ವಿಂದಾಲೂವಿಗೆ ಶೇ 19ರ ಮದ್ಯ ಉರಿಗೆ ಉರಿ ಸೇರಿಸಿದಂತೆ.

ಪೋರ್ಚುಗಲ್ಲಿನ ಮುಖ್ಯ ನೆಲದ ಊಟದ ಲೆಕ್ಕವೇ ಬೇರೆ. ಉತ್ತರದಲ್ಲಿ ಕೆಂಡದ ಮೇಲೆ ಸುಟ್ಟ ಬೂತಾಯಿಯಂಥ ಸಾರ್ಡಿನ್ ಮೀನಿಗೆ ಹಗುರವಾದ, ಚುರುಗುಟ್ಟುವ ‘ವಿನ್ಯೊ ವೆರ್ದೆ’. ಬಾಯ್‌ರಾಡಾ ಸೀಮೆಯಲ್ಲಿ ಇಡಿಯಾಗಿ ಸುಟ್ಟ ಹಂದಿಮರಿಗೆ ನೊರೆಯುಕ್ಕುವ ವೈನ್, ಅದರ ಹುಳಿ ಕೊಬ್ಬನ್ನು ಕತ್ತರಿಸಲೆಂದು. ದೌರೊ ಕಣಿವೆಯ ಪೋರ್ಟ್ ವೈನ್ ಮದೀರಾದ ದಾಯಾದಿ. ಹುದುಗು ನಡೆಯುತ್ತಿರುವಾಗಲೇ ಬ್ರಾಂದಿ ಸುರಿದು ನಿಲ್ಲಿಸಿ ಸಿಹಿ ಉಳಿಸಿಕೊಳ್ಳುವುದು ಅಲ್ಲಿನ ಕ್ರಮ. 1756ರಲ್ಲಿ ಮಂತ್ರಿ ಪೊಂಬಾಲ್ ಅದರ ಸೀಮೆಗೆ ಗಡಿ ಹಾಕಿಸಿ ಕಲ್ಲು ನೆಡಿಸಿದ. ಆ ಕತೆಯೇ ಒಂದು ಪುರವಣಿಗಾಗುವಷ್ಟಿದೆ.

ಬಟ್ಟಲಿನೊಳಗೆ ಕಾಣದ ಭಾಗವೊಂದಿದೆ. ಮದೀರಾದಲ್ಲಿ ಸಮತಟ್ಟು ನೆಲ ಇಲ್ಲವೇ ಇಲ್ಲವೆನ್ನಬೇಕು. ಕಡಿದಾದ ಬೆಟ್ಟಕ್ಕೆ ಕಲ್ಲುಗೋಡೆ ಕಟ್ಟಿ, ಮಣ್ಣು ತುಂಬಿ, ಮೆಟ್ಟಿಲು ಮೆಟ್ಟಿಲಾಗಿ ಗದ್ದೆ ಮಾಡಿದ್ದಾರೆ. ಮಳೆ ಬೀಳುವ ಉತ್ತರದಿಂದ ಒಣಗಿದ ದಕ್ಷಿಣಕ್ಕೆ ಬೆಟ್ಟದ ಸೊಂಟದಲ್ಲಿ ಕೊರೆದ ಕಾಲುವೆಗಳು ನೀರು ತರುತ್ತವೆ. ವೈನಿಗೆ ಮುಂಚೆ ಅಲ್ಲಿ ಕಬ್ಬು ಬೆಳೆಯುತ್ತಿತ್ತು. ಆ ಕಬ್ಬಿನ ಕಾಲದಲ್ಲಿ ಈ ಗೋಡೆ, ಕಾಲುವೆಗಳಿಗೆ ಬೆವರು ಸುರಿಸಿದವರಲ್ಲಿ ಆಫ್ರಿಕಾದಿಂದಲೂ ಕನೇರಿ ದ್ವೀಪಗಳಿಂದಲೂ ಹಿಡಿದು ತಂದ ಗುಲಾಮರಿದ್ದರು. ರಸ್ತೆಗಳಿಲ್ಲದ ಕಾಲದಲ್ಲಿ ಹೊಸ ದ್ರಾಕ್ಷಿರಸವನ್ನು ಮೇಕೆಯ ಇಡೀ ಚರ್ಮದ ಚೀಲಗಳಲ್ಲಿ ತುಂಬಿ, ಹೆಗಲ ಮೇಲೆ ಹೊತ್ತು, ಸಾಲಾಗಿ ಹಾಡುತ್ತ ಫುಂಚಾಲ್‌ಗೆ ಇಳಿಯುತ್ತಿದ್ದ ‘ಬೊರ್ರಶೇರು’ಗಳ ಚಿತ್ರಗಳು ಇಂದು ಪ್ರವಾಸಿಗಳಿಗೆ ಮೋಜು. ಹೊತ್ತವರಿಗೆ ಹಾಗಿರಲಾರದು.

1852ರಲ್ಲಿ ಬೂದಿ ರೋಗ ಬಳ್ಳಿಗಳನ್ನು ಮುತ್ತಿತು. ಗಂಧಕ ಹೊಡೆದು ಹೇಗೋ ಚೇತರಿಸಿಕೊಳ್ಳುವಷ್ಟರಲ್ಲಿ 1872ರಲ್ಲಿ ಬೇರು ತಿನ್ನುವ ಫಿಲಾಕ್ಸೆರಾ ಕೀಟ ಬಂತು. ಎಷ್ಟೋ ತೋಟಗಳು ಬಾಳೆಗೆ, ಕಬ್ಬಿಗೆ ಹೋದವು. ಇನ್ನೆಷ್ಟೋ ಕಡೆ ರೋಗ ತಡೆಯುವ ಅಮೆರಿಕನ್ ಬೆರಕೆ ತಳಿಗಳು ಬಂದವು. ಬಳಿಕ ಬಹುಕಾಲ ಸೀಸೆಯ ಮೇಲೆ ಬುವಾಲ್ ಎಂದಿದ್ದರೂ ಒಳಗಿರುತ್ತಿದ್ದದ್ದು ಅನೇಕ ವೇಳೆ ಟಿಂಟಾ ನೆಗ್ರಾ ಎಂಬ ಸಾಧಾರಣ ದ್ರಾಕ್ಷಿಯ ರಸ. ಪೋರ್ಚುಗಲ್ 1986ರಲ್ಲಿ ಯುರೋಪಿಯನ್ ಸಮುದಾಯ ಸೇರಿದ ಮೇಲೆ, ಹೆಸರಿಸಿದ ತಳಿ ಕನಿಷ್ಠ ಶೇ 85ರಷ್ಟು ಇರಲೇಬೇಕೆಂಬ ನಿಯಮ ಬಿಗಿಯಾಯಿತು.

ರೋಗಕ್ಕೂ ಮೊದಲೇ ದ್ವೀಪದ ಬಡವರು ಊರು ಬಿಡತೊಡಗಿದ್ದರು. ಬ್ರಿಟಿಷ್ ಗಯಾನಾದಲ್ಲಿ ಗುಲಾಮಗಿರಿ ರದ್ದಾಗಿ ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಾದಾಗ, 1835ರ ಮೇ ತಿಂಗಳಲ್ಲಿ ಮದೀರಾದಿಂದ ನಲವತ್ತು ಜನರ ಮೊದಲ ತಂಡ ಅಲ್ಲಿಗೆ ಮುಟ್ಟಿತು. ಮೂರು ವರ್ಷದ ಬಳಿಕ, 1838ರ ಮೇ ತಿಂಗಳಲ್ಲಿ, ಅದೇ ತೀರಕ್ಕೆ ಕಲ್ಕತ್ತೆಯಿಂದ ‘ವಿಟ್ಬಿ’ ಮತ್ತು ‘ಹೆಸ್ಪರಸ್’ ಹಡಗುಗಳಲ್ಲಿ ಭಾರತೀಯ ಜೀತದ ಕೂಲಿಗಳು ಬಂದಿಳಿದರು. 1878ರಿಂದ ಮದೀರಾದವರು ಹವಾಯಿಗೂ ಹೋದರು. ಅವರ ಕೈಯಲ್ಲಿದ್ದ ನಾಲ್ಕು ತಂತಿಯ ಪುಟ್ಟ ವಾದ್ಯ ಅಲ್ಲಿ ಉಕುಲೇಲೆಯಾಯಿತು.

ಹೋದವರು ದುಬಾರಿ ವೈನನ್ನು ಕೊಂಡೊಯ್ಯುವ ಸ್ಥಿತಿಯಲ್ಲಿರಲಿಲ್ಲ, ಬೆಳ್ಳುಳ್ಳಿ ಮಾಂಸದ ಹದವನ್ನು ಮಾತ್ರ ಒಯ್ದರು. ಗಯಾನಾದಲ್ಲಿ ಅದಕ್ಕೀಗ ‘ಗಾರ್ಲಿಕ್ ಪೋರ್ಕ್’ ಎಂದು ಹೆಸರು. ಅಲ್ಲೂ ವೈನ್ ಹೋಗಿ ವಿನೆಗರ್ ಬಂದಿದೆ, ಗೋವೆಯಲ್ಲಿ ಆದ ಹಾಗೆಯೇ. ಕ್ರಿಸ್‌ಮಸ್‌ಗೆ ಮುಂಚೆ ಗಾಜಿನ ಜಾಡಿಯಲ್ಲಿ ನೆನೆಹಾಕಿಟ್ಟು, ಹಬ್ಬದ ಬೆಳಿಗ್ಗೆ ಹುರಿದು ಬ್ರೆಡ್ಡಿನೊಡನೆ ತಿನ್ನುತ್ತಾರೆ.