ಮಣ್ಣಿನಲ್ಲಿ ಲೋಹಾಂಶಗಳ ರೂಪನಿರ್ಣಯ

ಮಣ್ಣಿನಲ್ಲಿರುವ ಲೋಹವೆಲ್ಲವೂ ಬೆಳೆಗೆ ಒದಗುವುದಿಲ್ಲ. ಹಿಮಾಲಯದ ತಪ್ಪಲಾದ ತರಾಯಿ ಸೀಮೆಯಲ್ಲಿ ಬತ್ತಕ್ಕೆ ತಗಲುತ್ತಿದ್ದ ಖೈರಾ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂಬುದನ್ನು ವೈ. ಎಲ್. ನೇನೆಯವರು 1966ರಲ್ಲಿ ಪ್ರಕಟಪಡಿಸಿದರು. ಇಂತಹ ಕೊರತೆಯನ್ನು ಮುಂಚಿತವಾಗಿ ಅರಿಯಬೇಕಾದರೆ ಒಟ್ಟು ಸತುವಿನ ಪ್ರಮಾಣ ತಿಳಿದರೆ ಸಾಲದು. ಬೇರಿಗೆ ದೊರೆಯಬಲ್ಲ ಅಂಶವನ್ನು ಅಳೆಯಬೇಕು. ಅಮೆರಿಕದ ಲಿಂಡ್ಸೆ ಮತ್ತು ನಾರ್ವೆಲ್ ಅವರು 1978ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಲೋಹವನ್ನು ಸೆಳೆದು ಹಿಡಿಯುವ ಡಿ.ಟಿ.ಪಿ.ಎ. ದ್ರಾವಣವನ್ನು ಪಿಎಚ್ 7.3ಕ್ಕೆ ಹೊಂದಿಸಿ, ಮಣ್ಣಿನೊಡನೆ 2 ಗಂಟೆಗಳ ಕಾಲ ಕುಲುಕಿ, ಸೋಸಿದ ದ್ರವದಲ್ಲಿ ಲೋಹವನ್ನು ಅಳೆಯಲಾಗುತ್ತದೆ.

ಮರುವರ್ಷ ಕೆನಡಾದ ಟೆಸಿಯೆ, ಕ್ಯಾಂಪ್‌ಬೆಲ್ ಮತ್ತು ಬಿಸೋನ್ ಎಂಬ ಮೂವರು ನದಿಯ ಹೂಳನ್ನು ಒಂದರ ತರುವಾಯ ಒಂದರಂತೆ ಹೆಚ್ಚು ಪ್ರಬಲವಾದ ದ್ರಾವಣಗಳಿಗೆ ಒಳಪಡಿಸಿ, ಅದರ ಲೋಹವನ್ನು ವಿನಿಮಯಶೀಲ, ಕಾರ್ಬೊನೇಟಿಗೆ ಸೇರಿದ್ದು, ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡುಗಳಿಗೆ ಸೇರಿದ್ದು, ಸಾವಯವ ವಸ್ತುವಿಗೆ ಸೇರಿದ್ದು, ಉಳಿಕೆ ಎಂದು 5 ಭಾಗಗಳಾಗಿ ವಿಂಗಡಿಸಿದರು. ಆದರೆ ಒಂದು ಹಂತದಲ್ಲಿ ಕರಗಿದ ಲೋಹವು ಅಲ್ಲಿಯೇ ಮತ್ತೊಂದು ಕಣಕ್ಕೆ ಅಂಟಿಕೊಳ್ಳಬಹುದು. ದ್ರಾವಣ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಹೀಗಾಗಿ ಪ್ರಯೋಗಶಾಲೆಗಳ ಅಂಕಿಗಳನ್ನು ಪರಸ್ಪರ ಹೋಲಿಸುವುದು ಕಷ್ಟವಾಯಿತು. ಯೂರೋಪಿನ ಬಿ.ಸಿ.ಆರ್. ಸಂಸ್ಥೆಯು 1987ರಲ್ಲಿ ಕೈಗೊಂಡ ಕಾರ್ಯದ ಫಲವಾಗಿ 3 ಹಂತಗಳ ಸಮಾನ ಕ್ರಮವೊಂದು ರೂಪುಗೊಂಡಿತು.

ಲೋಹದ ‘ರೂಪ’ವನ್ನು ಗೊತ್ತುಪಡಿಸುವುದು ಅಳೆಯುವ ವಿಧಾನವೇ ಎಂಬುದು ಈ ಇತಿಹಾಸದ ಪಾಠ. ವಿಧಾನವನ್ನು ಹೇಳದೆ ಕೊಟ್ಟ ಅಂಕಿಯಿಂದ ರೈತನಿಗೆ ಸಲಹೆ ನೀಡಲಾಗದು.