ಫುಟ್ಸಾಲ್: ರಾಷ್ಟ್ರ ತಂಡಗಳ ಅಂತಾರಾಷ್ಟ್ರೀಯ ಪಂದ್ಯಾವಳಿಗಳು

ಫುಟ್ಸಾಲ್ ಎಂದರೆ ಗಟ್ಟಿ ನೆಲದ ಮೇಲೆ, ಹೆಚ್ಚಾಗಿ ಒಳಾಂಗಣದಲ್ಲಿ, ತಂಡಕ್ಕೆ ಐವರಂತೆ ಆಡುವ ಕಾಲ್ಚೆಂಡಾಟ. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ವೈಎಂಸಿಎ ಶಿಕ್ಷಕ ಹುವಾನ್ ಕಾರ್ಲೋಸ್ ಸೆರಿಯಾನಿ ಇದಕ್ಕೆ ಮೊದಲು ರೂಪ ಕೊಟ್ಟರು. ಬ್ಯಾಸ್ಕೆಟ್‌ಬಾಲ್, ಹ್ಯಾಂಡ್‌ಬಾಲ್, ವಾಟರ್ ಪೋಲೊಗಳಿಂದ ಒಂದೊಂದು ನಿಯಮ ಎರವಲು ಪಡೆದು ಕಟ್ಟಿದ ಆಟವಿದು.

ಇದರ ವಿಶ್ವಕಪ್ಪಿನ ಚರಿತ್ರೆ ಎರಡು ಮನೆಗಳ ಜಗಳದಿಂದಲೇ ಶುರುವಾಗುತ್ತದೆ. 1971ರಲ್ಲಿ ಹುಟ್ಟಿದ ಫಿಫುಸಾ ಸಂಸ್ಥೆ 1982ರಲ್ಲಿ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು, ಗೆದ್ದದ್ದು ಆತಿಥೇಯರೇ. ‘ಫುಟ್ಬೋಲ್’ ಎಂಬ ಪದ ಬಳಸಕೂಡದೆಂದು ಫಿಫಾ ತಕರಾರು ತೆಗೆಯಿತು. ಫಿಫುಸಾ 1985ರಲ್ಲಿ ಆಟದ ಸ್ಪ್ಯಾನಿಷ್ ಹೆಸರಾದ ‘ಫುಟ್ಬೋಲ್ ಸಾಲಾ’ದ ಬಾಲ ಕತ್ತರಿಸಿ ‘ಫುಟ್ಸಾಲ್’ ಮಾಡಿಕೊಂಡಿತು. 1989ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ತನ್ನದೇ ವಿಶ್ವಕಪ್ ಆರಂಭಿಸಿದ ಫಿಫಾ, ಕಡೆಗೆ ಆ ಹೊಸ ಹೆಸರನ್ನೂ ಬಳಸತೊಡಗಿದ್ದು ತಮಾಷೆಯೇ. ಫಿಫುಸಾದ ವಾರಸುದಾರ ಎಎಂಎಫ್ ಬೇರೆಯೇ ವಿಶ್ವಕಪ್ ನಡೆಸುತ್ತ ಬಂದಿದೆ. ಹೀಗಾಗಿ ‘ಫುಟ್ಸಾಲ್ ವಿಶ್ವ ಚಾಂಪಿಯನ್’ ಎಂದು ಓದಿದಾಗ ಯಾವ ಮನೆಯ ಚಾಂಪಿಯನ್ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಫಿಫಾ ವಿಶ್ವಕಪ್ಪನ್ನು ಬ್ರೆಜಿಲ್ ಆರು ಬಾರಿ ಗೆದ್ದಿದೆ (1989, 1992, 1996, 2008, 2012, 2024). ಸ್ಪೇನ್ 2000 ಮತ್ತು 2004ರಲ್ಲಿ, ಅರ್ಜೆಂಟೀನಾ 2016ರಲ್ಲಿ, ಪೋರ್ಚುಗಲ್ 2021ರಲ್ಲಿ ಗೆದ್ದವು. 16 ತಂಡಗಳ ಪಂದ್ಯಾವಳಿ 2012ರ ಹೊತ್ತಿಗೆ 24ಕ್ಕೆ ಬೆಳೆದಿತ್ತು. ಈ ಆಟದ ಅತಿ ದೊಡ್ಡ ಹೆಸರು ಬ್ರೆಜಿಲ್‌ನ ಫಾಲ್ಕಾವೊ: ಆಡಿದ ಐದು ವಿಶ್ವಕಪ್ಪುಗಳಲ್ಲಿ 48 ಗೋಲು. 2016ರಲ್ಲಿ ಕೊಲಂಬಿಯಾದಲ್ಲಿ ಹಾಲಿ ಚಾಂಪಿಯನ್ ಬ್ರೆಜಿಲ್ 16ರ ಸುತ್ತಿನಲ್ಲೇ ಇರಾನ್‌ಗೆ ಪೆನಾಲ್ಟಿಗಳಲ್ಲಿ ಸೋತಿತು. ಗೆದ್ದ ಇರಾನಿನ ಆಟಗಾರರು ತಮ್ಮ ಸಂಭ್ರಮದ ನಡುವೆಯೇ ಸೋತ ಫಾಲ್ಕಾವೊ ಅವರನ್ನು ಎತ್ತಿ, ಗಾಳಿಗೆ ತೂರಿ ಹಿಡಿದರು. ಅದು ಫಾಲ್ಕಾವೊ ಅವರ ಕೊನೆಯ ವಿಶ್ವಕಪ್ ಪಂದ್ಯ.

ಏಷ್ಯಾದಲ್ಲಿ ಇರಾನ್‌ನದೇ ಯಜಮಾನಿಕೆ. 1999ರಲ್ಲಿ ಕ್ವಾಲಾಲಂಪುರದಲ್ಲಿ ಆರಂಭವಾದ ಏಷ್ಯನ್ ಕಪ್‌ನ ಮೊದಲ 17 ಆವೃತ್ತಿಗಳಲ್ಲಿ 13 ಇರಾನಿಗೆ, ಉಳಿದ ನಾಲ್ಕು ಜಪಾನಿಗೆ. ಮೂರನೆಯವರಿಗೆ ಜಾಗವೇ ಸಿಗಲಿಲ್ಲ. ಮಹಿಳೆಯರ ಏಷ್ಯನ್ ಚಾಂಪಿಯನ್‌ಷಿಪ್ 2015ರಲ್ಲಿ ಮಲೇಷ್ಯಾದಲ್ಲಿ ಮೊದಲಾದಾಗಲೂ ಇರಾನ್ ಗೆದ್ದಿತು, ಅದೂ ನಾಯಕಿ ನಿಲೂಫರ್ ಅರ್ದಲಾನ್ ಇಲ್ಲದೆ. ಪಾಸ್‌ಪೋರ್ಟ್‌ಗೆ ಗಂಡನ ಒಪ್ಪಿಗೆ ಬೇಕೆನ್ನುವ ಕಾನೂನಿನಿಂದಾಗಿ ಅವರು ಊರಲ್ಲೇ ಉಳಿಯಬೇಕಾಯಿತು. ಮಹಿಳೆಯರಿಗೆ ಫಿಫಾ ವಿಶ್ವಕಪ್ ದಕ್ಕಿದ್ದು ಮಾತ್ರ ಪುರುಷರಿಗಿಂತ 36 ವರ್ಷ ತಡವಾಗಿ: 2025ರಲ್ಲಿ, ಫಿಲಿಪ್ಪೀನ್ಸ್‌ನಲ್ಲಿ. ಬ್ರೆಜಿಲ್ ಅದರ ಮೊದಲ ವಿಜೇತ.

ಇನ್ನು ಆಟದ ನಿಯಮಗಳು. ಅಂಕಣದ ಅಳತೆ ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲ. 20 ನಿಮಿಷದ ಎರಡು ಅವಧಿ. ಚೆಂಡು ಹೊರಹೋದರೆ ಗಡಿಯಾರವೂ ನಿಲ್ಲುತ್ತದೆ. ಒಂದು ಅವಧಿಯಲ್ಲಿ ತಂಡದ ಫೌಲುಗಳು ಐದು ದಾಟಿದರೆ, ಆರನೆಯದರಿಂದ ಎದುರಾಳಿಗೆ ರಕ್ಷಣಾ ಗೋಡೆಯಿಲ್ಲದ ನೇರ ಒದೆತ. ಸೋಲುತ್ತಿರುವ ತಂಡ ಕೊನೆಯ ನಿಮಿಷಗಳಲ್ಲಿ ಗೋಲುರಕ್ಷಕನ ಜಾಗಕ್ಕೂ ದಾಳಿಕಾರನನ್ನೇ ಇಳಿಸಿ, ತನ್ನ ಗೋಲನ್ನು ಖಾಲಿ ಬಿಟ್ಟು ಮುನ್ನುಗ್ಗುವುದುಂಟು.

ಭಾರತ ಈ ಪಂದ್ಯಾವಳಿಗಳ ಸಾಲಿಗೆ ಬಂದದ್ದು ತೀರ ಈಚೆಗೆ. ಪುರುಷರ ತಂಡ ಏಷ್ಯನ್ ಕಪ್ ಅರ್ಹತಾ ಸುತ್ತಿಗೆ ಮೊದಲು ಇಳಿದದ್ದು 2023ರ ಅಕ್ಟೋಬರ್‌ನಲ್ಲಿ, ತಜಿಕಿಸ್ತಾನದ ದುಶಾಂಬೆಯಲ್ಲಿ. ಮಹಿಳೆಯರು 2025ರ ಜನವರಿಯಲ್ಲಿ, ಇಂಡೊನೇಷ್ಯಾದ ಯೋಗ್ಯಕರ್ತಾದಲ್ಲಿ. ಅದಕ್ಕೂ ಮುಂಚೆ, 2016ರಲ್ಲಿ, ಪ್ರೀಮಿಯರ್ ಫುಟ್ಸಾಲ್ ಎಂಬ ಖಾಸಗಿ ಲೀಗ್ ಬೆಂಗಳೂರಿನ ಹೆಸರಲ್ಲೂ ಒಂದು ತಂಡ ಕಟ್ಟಿ ಇಂಗ್ಲೆಂಡಿನ ಮಾಜಿ ಕಾಲ್ಚೆಂಡು ಆಟಗಾರ ಪಾಲ್ ಸ್ಕೋಲ್ಸ್ ಅವರನ್ನು ಆಡಿಸಿತ್ತು. ಭಾರತೀಯ ಫುಟ್‌ಬಾಲ್ ಫೆಡರೇಷನ್ನಿನ ಮಾನ್ಯತೆ ಅದಕ್ಕಿರಲಿಲ್ಲ. ಬೆಂಗಳೂರಿನಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ, ಬಲೆ ಕಟ್ಟಿದ ‘ಟರ್ಫ್’ಗಳ ಆಟವನ್ನೂ ಫುಟ್ಸಾಲ್ ಎನ್ನುವುದು ರೂಢಿ. ಆದರೆ ಅಲ್ಲಿರುವುದು ಕೃತಕ ಹುಲ್ಲು. ಫುಟ್ಸಾಲ್‌ನ ಚೆಂಡೇ ಬೇರೆ: ಎರಡು ಮೀಟರ್ ಎತ್ತರದಿಂದ ಬಿಟ್ಟರೆ 50ರಿಂದ 65 ಸೆಂಟಿಮೀಟರಷ್ಟೇ ಪುಟಿಯಬೇಕು. ಆಟಗಾರ ಅದನ್ನು ಅಂಗಾಲಿನಡಿ ಉರುಳಿಸುತ್ತ ಆಡುತ್ತಾನೆ, ಅದಕ್ಕೆ ನುಣುಪಾದ ಗಟ್ಟಿ ನೆಲವೇ ಆಗಬೇಕು.